ಗದ್ವಾಲಿನಲ್ಲಿ ಯಾರೂ ಏಳಲಿಲ್ಲ

ಗದ್ವಾಲಿನಲ್ಲಿ ಅವನನ್ನು ಕಂಡು ಯಾರೂ ಎದ್ದು ನಿಲ್ಲಲಿಲ್ಲ. ಬಸ್ಸಿಳಿದ ದಿನವೇ ಇದು ಶರಣಯ್ಯನ ಕಣ್ಣಿಗೆ ಬಿದ್ದಿತ್ತು. ಇವತ್ತು ಬೆಳಿಗ್ಗೆ ಕೋಟೆಯ ಗೋಡೆಯ ಮಗ್ಗುಲಲ್ಲಿ ನಡೆಯುವಾಗ ಮತ್ತೆ ಬಿತ್ತು, ಬಿದ್ದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಏಳದವರ ಊರು ಬೇಕೆಂದೇ ಅಲ್ಲವೆ ತಾನು ಮಕ್ತಲ್ ಬಿಟ್ಟು, ಜುರಾಲಾ ಅಣೆಕಟ್ಟೆಯ ಮೇಲೆ ಹೊಳೆ ದಾಟಿ ಬಂದದ್ದು? ಮಕ್ತಲ್‌ನಲ್ಲಿ ಅವನು ಬೀಡಿ ಅಂಗಡಿಯ ಮುಂದೆ ಹಾದರೂ ಸಾಕು, ಕಟ್ಟೆಯ ಮೇಲೆ ಕೂತ ಮುದುಕರು ಮೊಣಕಾಲು ಒತ್ತಿ ಹಿಡಿದು ಎದ್ದು 'ಶರಣ್ರೀ ಅಯ್ನೋರಿಗೆ' ಅನ್ನುತ್ತಿದ್ದರು. ಅವನಿಗಿನ್ನೂ ಮೂವತ್ತು ತುಂಬಿಲ್ಲ; ಅವರಲ್ಲಿ ಒಬ್ಬೊಬ್ಬರೂ ಅವನ ಅಜ್ಜನಾಗಬಹುದಾದವರು. ಜಂಗಮರ ಮನೆಯಲ್ಲಿ ಹುಟ್ಟಿದ ಗಂಡುಮಗನಿಗೆ ಈ ಮರ್ಯಾದೆ ಮೀಸೆಗಿಂತ ಮುಂಚೆಯೇ ಬಂದುಬಿಡುತ್ತದೆ. ಇಲ್ಲಿ ಸೀರೆ ಅಂಗಡಿಯವನು ಷಟರ್ ಎತ್ತುತ್ತಾ ಇವನನ್ನು ನೋಡಿದ, ಗಿರಾಕಿಯಲ್ಲವೆಂದು ತಿಳಿದು ಮುಖ ತಿರುಗಿಸಿದ. ಚಹಾದ ಬಂಡಿಯ ಮುಂದೆ ನಿಂತರೆ ಹಿಂದಿನಿಂದ ಯಾರೋ ಭುಜ ತಳ್ಳಿ, "ಏ ತಮ್ಮೀ, ಪಕ್ಕಕು ಜರುಗು" ಎಂದ. ತಮ್ಮೀ! ಶರಣಯ್ಯ ಜರುಗಿದ. ಎದೆಯೊಳಗೆ ಸಣ್ಣದೊಂದು ಖುಷಿ ಪುಟಿಯಿತು. ಅದರ ಬೆನ್ನಿಗೇ, ಇವನಿಗೇನು ಗೊತ್ತು ನಾನು ಯಾರೆಂದು, ಎನ್ನುವ ಉರಿ. ಎರಡೂ ಒಂದೇ ಗುಟುಕಿನಲ್ಲಿ ಚಹಾದ ಜೊತೆ ಒಳಗಿಳಿದವು.

ಹೊಸ ಊರನ್ನು ಹೇಗೆ ನೋಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಇಲ್ಲಿಯವರೆಗೆ ಅವನು ಊರುಗಳಿಗೆ ಹೋದದ್ದೆಲ್ಲ ಭಕ್ತರ ಮನೆಗೆ. ಬಸ್ ನಿಲ್ದಾಣಕ್ಕೇ ಯಾರೋ ಬಂದಿರುತ್ತಿದ್ದರು, ಚೀಲ ಇಸಿದುಕೊಳ್ಳುತ್ತಿದ್ದರು, ಕಣ್ಣು ಬಿಡುವಷ್ಟರಲ್ಲಿ ನಡುಮನೆಯ ಚಾಪೆಯ ಮೇಲೆ ಕೂತಿರುತ್ತಿದ್ದ. ಊರಿನ ಬೀದಿ, ಸಂದಿ, ಮೋರಿ ಯಾವುದೂ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಗದ್ವಾಲಿನಲ್ಲಿ ಚೀಲ ತಾನೇ ಹೊತ್ತು, ದಾರಿ ತಾನೇ ಕೇಳಿ, ಎರಡು ಸಲ ತಪ್ಪಿ ಬಂದಿದ್ದ. ಕೋಟೆಯೊಳಗೆ ಕಾಲೇಜು, ಕೋಟೆಯ ಹೊರಗೆ ಮೊಬೈಲ್ ಅಂಗಡಿ, ನಡುವೆ ಹಂದಿ, ಆಟೋ, ಎಮ್ಮೆ. ಅವನು ಓದಿದ್ದೆಲ್ಲ ತೆಲುಗಿನಲ್ಲೇ, ಆದರೂ ಬಾಯಿ ತೆರೆದೊಡನೆ ಲಾಡ್ಜಿನವನು "ರಾಯಚೂರಾ?" ಎಂದು ಕೇಳಿದ್ದ. ಅಲ್ಲ, ಮಕ್ತಲ್, ಇದೇ ತೆಲಂಗಾಣ ಎಂದರೆ, "ಒಂದೇ ಬಿಡು" ಎಂದು ಕೀಲಿ ಎಸೆದಿದ್ದ. ಹೊಳೆಯ ಆಚೆ ದಂಡೆಯವನೇ ಇಲ್ಲಿ ಪರದೇಶಿಯಾದರೆ ಮುಂದೆ ಹೋಗಬೇಕಾದ ಇಥಿಯೋಪಿಯಾದಲ್ಲಿ ಏನಾದೇನು? ಆಗಲಿ. ಏನಾದರೂ ಆಗಲಿ. ಅಯ್ಯನೊಂದು ಆಗದಿದ್ದರೆ ಸಾಕು.

ಹಣೆಯ ವಿಭೂತಿಯನ್ನು ಅವನು ಜುರಾಲಾ ಕಟ್ಟೆಯ ಮೇಲೆ ಬಸ್ಸಿನಲ್ಲಿ ಕೂತೇ ಕರ್ಚೀಫಿನಿಂದ ಒರೆಸಿಕೊಂಡಿದ್ದ. ಕೊರಳ ಲಿಂಗ ಅಂಗಿಯೊಳಗೇ ಇತ್ತು. ಅದರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅದು ಅವನ ಮತ್ತು ಶಿವನ ನಡುವಿನ ಮಾತು. ಸಿಟ್ಟು ಇದ್ದದ್ದು ತಟ್ಟೆಯ ಮೇಲೆ, ಪಾದಪೂಜೆಯ ಆ ಅಗಲ ಹಿತ್ತಾಳೆ ತಟ್ಟೆಯ ಮೇಲೆ. ನಾರಾಯಣಪೇಟೆಯಲ್ಲಿ ಅವನು ಭೀಮಣ್ಣನ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಭೀಮಣ್ಣ ಭಕ್ತ, ಮತ್ತು ಮಾಲೀಕ. ವಾರದ ಆರು ದಿನ ಕೌಂಟರಿನ ಹಿಂದೆ, "ಏ ಶರಣ್ಯಾ, ಕಣ್ಣು ಎಲ್ಲಿಟ್ಟೀಯೋ, ಬಿ.ಪಿ. ಗುಳಗಿ ಕೇಳಿದರ ಸಕ್ಕರೀದು ಕೊಡ್ತಿ" ಎಂದು ಗಿರಾಕಿಗಳ ಎದುರಿಗೇ ಗದರುತ್ತಿದ್ದ. ಶ್ರಾವಣ ಸೋಮವಾರ ಬಂತೆಂದರೆ ಅದೇ ಭೀಮಣ್ಣ ಅವನನ್ನು ಮನೆಗೆ ಕರೆಸಿ, ಮಣೆಯ ಮೇಲೆ ಕೂರಿಸಿ, ಹೆಂಡತಿ ಮಕ್ಕಳ ಸಮೇತ ಸುತ್ತ ಕೂತು, ಅವನ ಕಾಲುಗಳನ್ನು ತಟ್ಟೆಯಲ್ಲಿಟ್ಟು ತೊಳೆದು, ಹೂವೇರಿಸಿ, ಆ ನೀರನ್ನು ಅಂಗೈಯಲ್ಲಿ ತೆಗೆದುಕೊಂಡು ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಮಂಗಳವಾರ ಮತ್ತೆ 'ಏ ಶರಣ್ಯಾ'. ಬೈಗುಳದಿಂದ ಶರಣಯ್ಯನಿಗೆ ನೋವಾಗುತ್ತಿರಲಿಲ್ಲ, ತಪ್ಪು ಅವನದೇ ಇರುತ್ತಿತ್ತು. ಸೋಮವಾರವೇ ತಡೆಯಲಾಗುತ್ತಿರಲಿಲ್ಲ. ಆ ಕಣ್ಣು ಮುಚ್ಚಿದ ಮುಖವನ್ನು ಮೇಲಿನಿಂದ ನೋಡುತ್ತಾ ಕೂತಾಗ, ಭೀಮಣ್ಣ ಕುಡಿಯುತ್ತಿರುವುದು ಯಾರ ಕಾಲಿನ ನೀರನ್ನು, ತಾನಿಲ್ಲಿ ಇದ್ದೇನೋ ಇಲ್ಲವೋ ಎಂದು ಮೈ ಜುಮ್ಮೆನ್ನುತ್ತಿತ್ತು. ಮಣೆಯ ಮೇಲೆ ಒಂದು ಜೊತೆ ಕಾಲು ಇದ್ದರೆ ಸಾಕಿತ್ತು, ಮೇಲೆ ಮನುಷ್ಯ ಬೇಕಿರಲಿಲ್ಲ.

ಅಂಥ ಒಂದು ಸೋಮವಾರದ ಸಂಜೆಯೇ ಅವನು ಮೊಬೈಲಿನಲ್ಲಿ ಆ ಚಿತ್ರ ನೋಡಿದ್ದು. ಇಥಿಯೋಪಿಯಾದ ಯಾವುದೋ ಗುಡ್ಡಗಾಡು, ಕೆಂಪು ಮಣ್ಣು. ಆ ಮಣ್ಣಿನಲ್ಲಿ ಬರಿಗಾಲಲ್ಲಿ ಉಳುವವರ ಕಾಲು ಬಾತು ಗಂಟುಗಂಟಾಗುತ್ತದಂತೆ. ಒಂದು ಸಂಸ್ಥೆಯವರು ಊರೂರಿಗೆ ಹೋಗಿ ಆ ಕಾಲುಗಳನ್ನು ದಿನಾ ಸೋಪು ಹಚ್ಚಿ ತೊಳೆಯುವುದು, ಒರೆಸುವುದು, ಮುಲಾಮು ಸವರುವುದು, ಪಟ್ಟಿ ಸುತ್ತುವುದು ಕಲಿಸುತ್ತಾರೆ. ಒಂದು ವರ್ಷ ಸಂಬಳವಿಲ್ಲದೆ ಬಂದು ದುಡಿಯುವವರು ಬೇಕಾಗಿದ್ದಾರೆ. ಚಿತ್ರದಲ್ಲಿ ಒಂದು ಬಾತ ಕಾಲು, ಅದನ್ನು ಹಿಡಿದ ಎರಡು ಕೈ, ಕೆಳಗೆ ಪ್ಲಾಸ್ಟಿಕ್ ಟಬ್ಬು. ಶರಣಯ್ಯ ಅದನ್ನು ನೋಡಿದವನೇ ಜೋರಾಗಿ ನಕ್ಕುಬಿಟ್ಟ. ನಗು ನಿಂತ ಮೇಲೆ ಅರ್ಜಿ ಹಾಕಿದ. ಇಷ್ಟು ವರ್ಷ ತನ್ನ ಕಾಲು ಹಿಡಿದವರೆಲ್ಲರಿಗೂ ಇದೇ ಉತ್ತರ ಎಂದುಕೊಂಡ. ಯಾರಿಗೆ ಉತ್ತರ, ಅವರು ಕೇಳಿದ್ದಾದರೂ ಏನು ಎನ್ನುವುದು ಹೊಳೆಯಲಿಲ್ಲ.

ಮನೆಯಲ್ಲಿ ಹೇಳಿದಾಗ ಅವ್ವ ಚನ್ನವೀರಮ್ಮ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ, ಜೋರಾಗಿ ನಾದಿದಳು. ಅಪ್ಪ ಇಲ್ಲದ ಮನೆಯನ್ನು ನಡೆಸಿಕೊಂಡು ಬಂದ ಕಾಕಾ ಗುರುಲಿಂಗಯ್ಯ ಮಾತ್ರ ಶಾಂತವಾಗಿ ಕೇಳಿದ. "ಪರದೇಶಕ್ಕ ಹೋಗಬ್ಯಾಡ ಅನ್ನಂಗಿಲ್ಲೋ ನಾನು. ಮಾಸ್ತರಾಗಿ ಹೋಗು, ಕಂಪೌಂಡರಾಗಿ ಹೋಗು, ಹಾರ ಹಾಕಿ ಕಳಸ್ತೀನಿ. ಮಂದಿ ಕಾಲು ತೊಳ್ಯಾಕ ಹೋಗ್ತೀಯೇನು? ನಾಳಿ ನಾ ಬಿದ್ದರ ಭಕ್ತರ ಮನಿಗೆ ಯಾರು ಹೋಗಬೇಕು? ಅವ್ರು ಯಾರ ಪಾದ ಹಿಡೀಬೇಕು?" "ಯಾರದೂ ಹಿಡ್ಯೋದು ಬ್ಯಾಡ ಕಾಕಾ" ಎಂದಿದ್ದ ಶರಣಯ್ಯ. ಎಂಥ ಸೊಗಸಾದ ಮಾತು ಹೇಳಿದೆ ಎಂದು ಬಸ್ಸಿನಲ್ಲಿ ಗದ್ವಾಲಿನವರೆಗೂ ಅದನ್ನೇ ಮೆಲುಕು ಹಾಕಿದ್ದ.

ಆ ಮಾತಿನ ಸೊಗಸೆಲ್ಲ ನಿನ್ನೆ ಇಳಿದುಹೋಗಿತ್ತು. ಪರದೇಶಕ್ಕೆ ಕಳಿಸುವ ಮುಂಚೆ ಕೈ ಪಳಗಲೆಂದು ಸಂಸ್ಥೆಯವರು ಗದ್ವಾಲಿನ ಒಂದು ಸಣ್ಣ ಕೇಂದ್ರಕ್ಕೆ ಕಳಿಸಿದ್ದರು. ಸುತ್ತಮುತ್ತಲಿನ ಆನೆಕಾಲಿನ ರೋಗಿಗಳು ಅಲ್ಲಿಗೆ ಬರುತ್ತಾರೆ. ನಿನ್ನೆ ಮೊದಲ ಸಲ ಒಬ್ಬ ಮುದುಕ ತನ್ನ ಬಾತ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಇವನ ತೊಡೆಯ ಮೇಲಿಟ್ಟದ್ದೇ ತಡ, ಶರಣಯ್ಯನ ಮೈ ತಾನಾಗಿ ಹಿಂದಕ್ಕೆ ಹಾರಿತು. ಅವನು ಹಾರಲಿಲ್ಲ, ಮೈ ಹಾರಿತು. ಸ್ಟೂಲು ಉರುಳಿ ಟಬ್ಬಿನ ನೀರೆಲ್ಲ ಚೆಲ್ಲಿತು. ಉಂಡವಳ್ಳಿಯಿಂದ ಬಂದಿದ್ದ ಝಾನ್ಸಿ, ಅವಳೂ ಇಥಿಯೋಪಿಯಾಕ್ಕೆ ಹೊರಟ ನರ್ಸು, ಬಾಯಿಗೆ ಸೆರಗು ಹಿಡಿದು ನಕ್ಕಳು. ಮುದುಕ ನಗಲಿಲ್ಲ, ಬೈಯಲೂ ಇಲ್ಲ. ಇಂಥದ್ದು ರೂಢಿಯಿದ್ದವನ ಹಾಗೆ ಕಾಲನ್ನು ಮತ್ತೆ ಪಂಚೆಯೊಳಗೆ ಮುಚ್ಚಿಕೊಂಡ. ಆ ಮುಚ್ಚಿಕೊಂಡದ್ದನ್ನು ನೆನೆದು ಶರಣಯ್ಯನಿಗೆ ಈಗಲೂ, ಈ ಬಿಸಿಲಿನಲ್ಲಿ ನಡೆಯುತ್ತಿರುವಾಗಲೂ, ನೆಲ ಬಾಯಿ ತೆರೆದು ತನ್ನನ್ನು ನುಂಗಬಾರದೆ ಅನ್ನಿಸಿತು. ತಲೆ ಬಂಡಾಯ ಹೂಡಿದ್ದರೂ ತೊಡೆಗೆ ತಾನು ಅಯ್ಯನ ತೊಡೆ ಎಂಬುದು ಮರೆತುಹೋಗಿರಲಿಲ್ಲ.

ಕೇಂದ್ರದ ಬಾಗಿಲಲ್ಲೇ ಸುನಿತಾ ಮೇಡಂ ಸಿಕ್ಕಳು. ಕೇಂದ್ರ ನಡೆಸುವವಳು ಅವಳೇ. ಗಟ್ಟಿ ಹೆಂಗಸು, ಸುತ್ತಿ ಬಳಸಿ ಮಾತಾಡುವವಳಲ್ಲ. "ನೋಡಪ್ಪಾ, ನಿನ್ನೆದು ನಿನ್ನೆಗಿ ಹೋತು. ಇವತ್ತು ಒಬ್ಬರ ಕಾಲಾದ್ರೂ ಪೂರಾ ತೊಳದು ಪಟ್ಟಿ ಕಟ್ಟಬೇಕು. ಇಲ್ಲಿ ಆಗದವ್ರನ್ನ ಅಲ್ಲಿಗಿ ಕಳಸಾಕ ಬರಂಗಿಲ್ಲ. ಆಗಲಿಲ್ಲಂದ್ರ ಸಂಜಿ ಬಸ್ಸಿಗಿ ಊರಿಗಿ ಹೋಗು, ನಾ ಬ್ಯಾರೇದವ್ರನ್ನ ಕರಸ್ತೀನಿ" ಎಂದಳು. ಅಷ್ಟರಲ್ಲಿ ಜೇಬಿನ ಫೋನು ಗುರುಗುಟ್ಟಿತು. ಕಾಕಾ. "ಆತ್ಮಕೂರು ದಾಟೀನಿ. ಬರಾಕತ್ತೀನಿ. ಸೋಮವಾರ ಭೀಮಣ್ಣನ ಮನ್ಯಾಗ ಪೂಜಿ ಐತಿ, ನನ್ ಮೊಣಕಾಲು ಮಡಚವಲ್ದು. ನೀನೇ ಕುಂದ್ರಬೇಕು. ಬಟ್ಟಿ ಕಟ್ಟಿಕೋ." ಎರಡೂ ಕಡೆಯಿಂದ ಬಾಗಿಲು ಹಾಕಿದ ಹಾಗಾಯಿತು. ತೊಳೆಯದಿದ್ದರೆ ತೊಳೆಸಿಕೊಳ್ಳಬೇಕು, ನಡುವಿನ ಜಾಗವೇ ಇಲ್ಲ. ತೊಳೆದೇ ತೊಳೆಯುತ್ತೇನೆ, ನೋಡೋಣ, ಎಂದು ಹಲ್ಲು ಕಚ್ಚಿ ಒಳಗೆ ಹೋದ.

ಅವನ ಪಾಲಿಗೆ ಬಂದವಳು ಕಿಷ್ಟಮ್ಮ. ಅರವತ್ತರ ಆಸುಪಾಸು, ಕಪ್ಪಗೆ, ಒಣ ದೇಹ. ಎಡಗಾಲು ಮಾತ್ರ ಮೊಣಕಾಲಿನಿಂದ ಕೆಳಗೆ ಬೇರೆ ಯಾರದೋ ಎನ್ನುವಷ್ಟು ದಪ್ಪ. ಗದ್ವಾಲಿಗೆ ಮಗಳನ್ನು ಕೊಟ್ಟಿದ್ದಾಳಂತೆ, ಅವಳ ಮನೆಯಲ್ಲೇ ಇದ್ದುಕೊಂಡು ಬರುತ್ತಾಳೆ. ಶರಣಯ್ಯ ಟಬ್ಬಿಗೆ ಉಗುರುಬೆಚ್ಚಗಿನ ನೀರು ಹಾಕಿದ, ಸೋಪು ಇಟ್ಟ, ತಗ್ಗಿನ ಸ್ಟೂಲಿನ ಮೇಲೆ ಕೂತ. ಕುರ್ಚಿಯ ಮೇಲೆ ಕೂತವಳನ್ನು ಕೆಳಗಿನಿಂದ ನೋಡುವುದು ಅವನಿಗೆ ಹೊಸದು. ಹೀಗೆ ಕಾಣುತ್ತದೆಯೋ ಮನುಷ್ಯರ ಮುಖ, ಗದ್ದ ಮೊದಲು, ಕಣ್ಣು ಆಮೇಲೆ? "ಕಾಲು ಕೊಡ್ರೆಮ್ಮಾ" ಎಂದ. 'ರಿ' ಹಚ್ಚಿದ್ದು ಬೇಕೆಂದೇ. ಅವಳು ಕೊಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು, ಬಗ್ಗಿದಾಗ ಅಂಗಿಯಿಂದ ಹೊರಗೆ ಜಾರಿದ ಲಿಂಗದ ಬೆಳ್ಳಿಯ ಕರಡಿಗೆಯನ್ನು ನೋಡಿದಳು.

"ನೀವು ಮಕ್ತಲ್ ಅಯ್ನೋರ ಮನ್ಯಾಗಿನವ್ರಲ್ಲೇನು? ಗುರುಲಿಂಗಯ್ನೋರ ಅಣ್ಣನ ಮಗ?"

"ಹೌದ್ರಿ."

ಕಿಷ್ಟಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಬ್ಯಾಡ. ಬ್ಯಾರೇದವ್ರನ್ನ ಕರೀರಿ."

ಶರಣಯ್ಯನಿಗೆ ಇದು ಗೊತ್ತಿದ್ದ ಕಥೆಯೇ ಅನ್ನಿಸಿತು. ಪಾಪಕ್ಕೆ ಅಂಜುತ್ತಾಳೆ, ಬಡಪಾಯಿ. ತಾನು ಯಾವುದರಿಂದ ಓಡಿ ಬಂದೆನೋ ಅದೇ ಹೊಳೆ ದಾಟಿ ಇಲ್ಲಿಯವರೆಗೆ ಬೆನ್ನು ಹತ್ತಿದೆ. ಪಕ್ಕದ ಸ್ಟೂಲಿನಲ್ಲಿ ಝಾನ್ಸಿ ಪಟ್ಟಿ ಸುತ್ತುತ್ತಲೇ ಕಿವಿ ಇತ್ತ ಇಟ್ಟಿದ್ದಳು; ಆಚೆ ಸುನಿತಾ ಮೇಡಂ ಗಡಿಯಾರ ನೋಡುತ್ತಿದ್ದಳು. ಅವನು ದನಿ ಮೆತ್ತಗೆ ಮಾಡಿಕೊಂಡು, "ಏನೂ ಪಾಪ ಬರಂಗಿಲ್ರೆಮ್ಮಾ, ಕೊಡ್ರಿ" ಎಂದ. ಅವಳು ಅಲ್ಲಾಡಲಿಲ್ಲ. ಮತ್ತೆ ಕೇಳಿದ. ಮೂರನೆಯ ಸಲ ಏನಾಯಿತೋ, ಬೆನ್ನು ನೆಟ್ಟಗಾಯಿತು, ದನಿ ಹೊಟ್ಟೆಯೊಳಗಿನಿಂದ ಎದ್ದು ಬಂತು. "ಅಯ್ಯಾ ಆಗಿ ಹೇಳಾಕತ್ತೀನಿ. ನನ್ನ ಅಪ್ಪಣಿ ಐತಿ. ಕಾಲು ಕೊಡು." ಆ ದನಿ ಅವನದಾಗಿರಲಿಲ್ಲ, ಕಾಕಾನದು. ಅಯ್ಯನಾಗಬಾರದೆಂದು ಇಷ್ಟು ದೂರ ಬಂದು ಮೊದಲ ಎಡರಿಗೇ ಅಯ್ಯನನ್ನು ಕರೆದಿದ್ದ. ಕರೆದೊಡನೆ ಬಂದಿದ್ದ, ಬಾಗಿಲ ಹಿಂದೆಯೇ ಕಾದು ನಿಂತಿದ್ದವನ ಹಾಗೆ.

ಕಿಷ್ಟಮ್ಮ ನಕ್ಕಳು. ಬಾಯಲ್ಲಿ ಹಲ್ಲು ಕಡಿಮೆ, ನಗು ಮಾತ್ರ ಪೂರಾ ಇತ್ತು. "ಪಾಪ ಅಂದ್ರಲ್ಲಾ, ಯಾರಿಗ್ರಿ ಪಾಪ? ನನಗ ಅಂಜಿಕಿ ಐತಿ ಅಂದ್ಕೊಂಡ್ರೇನು? ಕೊತ್ತಪಲ್ಲಿ ಗೌಡ್ರ ಮನಿಗಿ ನಿಮ್ ಕಾಕಾ ವರ್ಸಾ ಬರ್ತಿದ್ರು. ಅವ್ರು ಬರ್ತಾರಂತ ಅಂಗಳಾ ಸಾರಸೋಕಿ ನಾನೇ. ಸಾರಿಸಿ ಆತಂದ್ರ, ಬೇವಿನ ಗಿಡದಾಚೆ ಹೋಗಿ ನಿಂದ್ರು ಅಂತಿದ್ರು. ಒಂದ್ ಸಲ ನನ್ ಕೂಸಿಗಿ ಜ್ವರ. ಮೈ ಕಾದ ಹಂಚು. ಆ ಪಾದದ ನೀರು ಒಂದು ಗುಟುಕು ಕೊಡ್ರಿ ಅಂತ ಗಿಡದ ಕಡಿಂದ ಒದರಿದೆ. ನಿಮ್ ಕಾಕಾ ನನ್ ಕಡಿಗಿ ನೋಡಿದ್ರು, ತಲಿ ಅಲ್ಲಾಡಿಸಿದ್ರು. ಅಷ್ಟೇ." ಅವಳು ಸೆರಗಿನಿಂದ ಬೆವರೊರೆಸಿಕೊಂಡಳು. "ಕೂಸು ಬದುಕ್ತು ಬಿಡ್ರಿ. ಆ ನೀರಿಲ್ಲದೇ ಬದುಕ್ತು. ಅವತ್ತು ನಿಮ್ ಕಾಲು ನಾ ಮುಟ್ಟಬಾರದಿತ್ತು, ಇವತ್ತು ನನ್ ಕಾಲು ನಿಮಗ ಬೇಕು. ಮುಟ್ಟಬ್ಯಾಡ ಅನ್ನಾಕೂ ನೀವೇ, ಮುಟ್ತೀನಿ ಕೊಡು ಅನ್ನಾಕೂ ನೀವೇ? ಈ ಕಾಲು ನಂದ್ರಿ. ಬಾತೈತಿ, ನಾರತೈತಿ, ಆದ್ರೂ ನಂದು."

ಶರಣಯ್ಯ ಟಬ್ಬಿನೊಳಗೆ ಬೆರಳದ್ದಿ ನೋಡಿದ. ನೀರು ತಣ್ಣಗಾಗುತ್ತಿತ್ತು. ಮೊದಲು ಬಂದದ್ದು ಸಿಟ್ಟು: ತಾನೇನು ಮಾಡಿದ್ದೆ ಇವಳಿಗೆ, ಆಗ ತಾನು ಹುಟ್ಟಿದ್ದೆನೋ ಇಲ್ಲವೋ. ಆಮೇಲೆ ನಾಚಿಕೆ, ಆ ಸಿಟ್ಟಿನ ಮೇಲೆ. ಗೌಡರ ಮನೆಯ ಆ ಅಂಗಳದಲ್ಲಿ ತಾನೂ ಕಾಕಾನ ಜೊತೆ ಹೋಗಿ ಕೂತದ್ದುಂಟು, ದೊಡ್ಡವನಾದ ಮೇಲೂ. ಸಾರಿಸಿದ ನೆಲ ಕಾಲಿಗೆ ತಂಪಾಗಿತ್ತು ಎನ್ನುವುದು ನೆನಪಿದೆ. ಬೇವಿನ ಗಿಡ ನೆನಪಿದೆ. ಗಿಡದಾಚೆ ಯಾರಾದರೂ ಇದ್ದರೋ ಎಂದು ಎಷ್ಟು ಹುಡುಕಿದರೂ ಬರಿಯ ಬಿಸಿಲು. ಅವನ ದೊಡ್ಡ ಬಂಡಾಯದಲ್ಲಿ ಭೀಮಣ್ಣನಿದ್ದ, ಕಾಕಾ ಇದ್ದ, ಇಥಿಯೋಪಿಯಾದವರೂ ಇದ್ದರು, ಇವಳೊಬ್ಬಳು ಇರಲಿಲ್ಲ. ತೊಳೆಯಲು ಹೊರಟವನಿಗೆ ತೊಳೆಸಿಕೊಳ್ಳುವವರ ಅಪ್ಪಣೆಯೊಂದು ಬೇಕಾಗುತ್ತದೆ ಎಂದು ಹೊಳೆದೇ ಇರಲಿಲ್ಲ. ಎದ್ದು ಸುನಿತಾ ಮೇಡಂಗೆ, ನನ್ನ ಕೈಲಾಗುವುದಿಲ್ಲ, ಎಂದು ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಸಂಜೆಯ ಬಸ್ಸು, ಸೋಮವಾರದ ಮಣೆ. ಏಳಲಿಲ್ಲ. "ನೀವಂದದ್ದು ಖರೇ ಐತಿ" ಎಂದ. "ಝಾನ್ಸಿ ತೊಳೀತಾಳ, ಕರೀತೀನಿ. ಆದ್ರ ನಾ ಇಲ್ಲಿಂದ ಏಳಂಗಿಲ್ರಿ. ಮುಂದಿನವ್ರು ಬರಲಿ. ಅವ್ರೂ ಬ್ಯಾಡಂದ್ರ ಅವ್ರ ಮುಂದಿನವ್ರು. ಇಲ್ಲೇ ಕುಂದ್ರತೀನಿ."

"ಶರಣಯ್ಯಾ."

ಬಾಗಿಲಲ್ಲಿ ಕಾಕಾ ನಿಂತಿದ್ದ. ಬಿಳಿ ಧೋತರ, ಹೆಗಲ ಮೇಲೆ ಶಾಲು, ಹಣೆಯ ತುಂಬ ವಿಭೂತಿ, ಬಸ್ಸಿನ ಧೂಳಿಗೆ ಕೆಂಪಾದ ಕಣ್ಣು. ಹೊಸ್ತಿಲ ಈಚೆ ರೋಗಿಗಳ ಚಪ್ಪಲಿಯ ರಾಶಿ, ಅದರ ಪಕ್ಕದಲ್ಲೇ ಒಬ್ಬ ಕೂತು ಬಾತ ಕಾಲುಗಳ ಅಳತೆಗೆ ಚಪ್ಪಲಿಯ ತೊಗಲು ಕತ್ತರಿಸುತ್ತಿದ್ದ. ತೊಗಲಿನ ಮೈಲಿಗೆ ದಾಟಿ ಕಾಕಾ ಒಳಗೆ ಬರುವಂತಿರಲಿಲ್ಲ. ಅವನು ಮೊಣಕಾಲು ಹಿಡಿದುಕೊಂಡು ನಿಂತದ್ದು ಕಂಡು ಶರಣಯ್ಯನಿಗೆ ಕೆಡುಕೆನಿಸಿತು. ಎಷ್ಟೆಂದರೂ ಎತ್ತಿ ಆಡಿಸಿದವನು. "ಏಳು, ಹೊರಗ ಬಾ. ಎಲ್ಲಿ ಕುಂತೀದಿ ನೋಡಿಕೋ ಒಮ್ಮಿ. ಯಾರ ಮುಂದ ಕುಂತೀದಿ ನೋಡಿಕೋ" ಎಂದ ಕಾಕಾ. ಅವನ ಕಣ್ಣು ಕಿಷ್ಟಮ್ಮನ ಮೇಲೆ ಹಾದು ಮುಂದೆ ಹೋಯಿತು, ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ?

"ನೋಡೀನಿ ಕಾಕಾ" ಎಂದ ಶರಣಯ್ಯ. "ಕೊತ್ತಪಲ್ಲಿ ಕಿಷ್ಟಮ್ಮ."

ಆ ಹೆಸರಿಗೆ ಕಾಕಾನ ಮುಖದಲ್ಲಿ ಏನೂ ಆಗಲಿಲ್ಲ. ಕಿಷ್ಟಮ್ಮ ಅದನ್ನು ನೋಡಿದಳು. ಕುರ್ಚಿಯ ಮೇಲೆ ಸರಿದು, ಬಾಗಿಲಿಗೆ ಎದುರಾಗಿ ತಿರುಗಿ ಕೂತಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು, ಬಾತ ಕಾಲನ್ನು ಎರಡೂ ಕೈಯಿಂದ ಎತ್ತಿ ಶರಣಯ್ಯನ ತೊಡೆಯ ಮೇಲೆ ಇಟ್ಟಳು.

"ತೊಳಿ" ಎಂದಳು. "ನೀ ಹೇಳಿದ್ದಕ್ಕಲ್ಲ ಮತ್ತ. ಅವ್ರು ನೋಡ್ಲಿ ಅಂತ."

ಕಾಲು ಭಾರವಾಗಿತ್ತು, ಬೆಚ್ಚಗಿತ್ತು. ಮೈ ಮತ್ತೆ ಹಿಂದಕ್ಕೆ ಹಾರಲು ನೋಡಿತು. ಶರಣಯ್ಯ ಬೆನ್ನನ್ನು ಗೋಡೆಗೆ ಒತ್ತಿ ಅದನ್ನು ಅಲ್ಲೇ ಹಿಡಿದ. ವಾಸನೆ ಮೂಗಿಗೆ ಬಡಿಯಿತು. ಇದು ಅವನು ಎಣಿಸಿದ ಹಾಗೆ ಇರಲಿಲ್ಲ, ಮೈ ಹಗುರಾಗಲಿಲ್ಲ, ಯಾರಿಗೂ ಉತ್ತರ ಕೊಟ್ಟ ಹಾಗಾಗಲಿಲ್ಲ. ಅವಳ ಜಗಳದಲ್ಲಿ ಅವನೊಂದು ಸೋಪಿನ ತುಂಡಿನಷ್ಟೇ ಇದ್ದ. ಅಷ್ಟಾದರೂ ಇದ್ದೇನಲ್ಲ ಎಂದುಕೊಂಡ, ಕಾಲನ್ನು ನೀರಿಗಿಳಿಸಿದ. ಮಡಿಕೆಯ ಮೇಲೆ ಮಡಿಕೆ ಬಿದ್ದ ಚರ್ಮ, ನಡುವೆ ಕಟ್ಟಿದ ಕೊಳೆ, ಒಡೆದು ಕೆಂಪಾದ ಹಿಮ್ಮಡಿ. ನೊರೆ ಹಚ್ಚಿದ. "ಬೆರಳ ಸಂದ್ಯಾಗ ಬಿಟ್ಟಿ" ಎಂದಳು ಕಿಷ್ಟಮ್ಮ ಮೇಲಿನಿಂದ. "ಅಲ್ಲೇ ಕಡೀತೈತಿ ನನಗ. ಸರಿಗಿ ತಿಕ್ಕು." ಅವನು ಬೆರಳುಗಳ ನಡುವೆ ಬೆರಳು ತೂರಿಸಿ ತಿಕ್ಕಿದ. ಹಾಗೆ ತಿಕ್ಕುತ್ತಾ ತಿಕ್ಕುತ್ತಾ ಯಾರು ನೋಡುತ್ತಿದ್ದಾರೆ ಎನ್ನುವುದು ಸ್ವಲ್ಪ ಹೊತ್ತು ಮರೆತುಹೋಯಿತು. ಅವಳು ಹಾ ಎಂದು ಉಸಿರುಬಿಟ್ಟಳು, ಕಡಿತಕ್ಕೆ ಹಿತವಾದದ್ದಕ್ಕೆ.

"ಶರಣಯ್ಯಾ" ಎಂದ ಕಾಕಾ ಹೊರಗಿನಿಂದ. ಈ ಸಲ ಗದರಲಿಲ್ಲ; ದನಿಯಲ್ಲಿ ಬೇಡಿಕೆಯೇ ಇತ್ತು. "ಬಸ್ಸಿಗೆ ಹೊತ್ತಾತು. ನಡಿ."

ಶರಣಯ್ಯ ಬಾಗಿದ ತಲೆ ಎತ್ತದೆ, "ಇನ್ನೂ ಆಗಿಲ್ಲ ಕಾಕಾ" ಎಂದ.

ಕಿಷ್ಟಮ್ಮ ರೋಗವಿಲ್ಲದ ತನ್ನ ಬಲಗಾಲನ್ನೂ ಎತ್ತಿ ಟಬ್ಬಿನೊಳಗೆ ಇಟ್ಟಳು.